ಐಸಿಯುನಿಂದ ಮನೆಗೆ ಬಂದ ಮೇಲೆ ಮರೆವು: ಹಿರಿಯರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಮ್ಮ ನ್ಯುಮೋನಿಯಾ ಆಗಿ 12 ದಿನ ಐಸಿಯುನಲ್ಲಿದ್ದು ಮನೆಗೆ ಬಂದರು. ಮೂರನೇ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಆಮೇಲೆ ಒಲೆ ಮುಂದೆ ನಿಂತು, "ಮುಂದೇನು ಹಾಕ್ತಿದ್ದೆ ನಾನು?" ಅಂತ ನನ್ನನ್ನೇ ಕೇಳಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇತ್ತು, ಎಕ್ಸ್‌ರೇ ವಿವರ ಇತ್ತು. ಮರೆವಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಡಾಕ್ಟರ್ ಅಲ್ಲ, ಆರೋಗ್ಯದ ವಿಷಯ ಓದಿ ಬರೆಯುವವಳು. ಅಮ್ಮನ ಕಥೆ ಬರೆದಾಗಿನಿಂದ ಬಂದ ಪತ್ರ, ಫೋನು, ಮದುವೆ ಮನೆಯ ಮಾತುಗಳಲ್ಲಿ ಮತ್ತೆ ಮತ್ತೆ ಕೇಳಿಸಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತು ಹಾಗೇ ಇದೆ. ಸುಲಭದ್ದು ಮೊದಲು, ವಿಜ್ಞಾನದ ಗಟ್ಟಿ ಪ್ರಶ್ನೆಗಳು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಬಹುದು.

## ಮೊದಮೊದಲ ಗಾಬರಿ

"ಅಪ್ಪ ಐಸಿಯುನಿಂದ ಬಂದು ಎರಡು ತಿಂಗಳಾಯ್ತು. ಹೇಳಿದ್ದು ಹತ್ತು ನಿಮಿಷಕ್ಕೆ ಮರೀತಾರೆ. ವಯಸ್ಸಾಯ್ತಲ್ಲ ಅಂತ ಸುಮ್ನಿರೋದಾ?"

ಸುಮ್ಮನಿರಬೇಡಿ. ಆಸ್ಪತ್ರೆಗೆ ಸೇರುವ ಮುಂಚೆ ಅವರೇ ಬ್ಯಾಂಕಿಗೆ ಹೋಗಿ ಬರುತ್ತಿದ್ದರು, ಪೇಪರ್ ಓದಿ ವಾದ ಮಾಡುತ್ತಿದ್ದರು, ಈಗ ಆಗುತ್ತಿಲ್ಲ ಅಂದರೆ ಅದು ವಯಸ್ಸಲ್ಲ. ವಯಸ್ಸು ಎರಡು ತಿಂಗಳಲ್ಲಿ ಹಾಗೆ ಏರುವುದಿಲ್ಲ. ಗಂಭೀರ ಕಾಯಿಲೆಯಿಂದ ಬದುಕಿ ಬಂದವರಲ್ಲಿ ಮರೆವು, ಗಮನ ನಿಲ್ಲದಿರುವುದು, ಒಂದು ಕೆಲಸವನ್ನು ಸಾಲಾಗಿ ಮಾಡಲಾಗದಿರುವುದು, ಕೈಕಾಲಿನ ಬಲ ಕುಗ್ಗುವುದು, ಮನಸ್ಸು ಮಂಕಾಗುವುದು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಅಮೆರಿಕದ ಐಸಿಯು ತಜ್ಞರು 2010ರಲ್ಲಿ ಸಭೆ ಸೇರಿ ಇದಕ್ಕೊಂದು ಹೆಸರಿಟ್ಟರು: ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್, ಚಿಕ್ಕದಾಗಿ ಪಿಕ್ಸ್. ಡಾಕ್ಟರ ಹತ್ತಿರ ಹೋದಾಗ ಈ ಹೆಸರು ಹೇಳಿ. "ವಯಸ್ಸಾಯ್ತು" ಅನ್ನುವ ಉತ್ತರ ಅಷ್ಟು ಸುಲಭಕ್ಕೆ ಬರುವುದಿಲ್ಲ.

"ಐಸಿಯುನಲ್ಲಿ ಅಜ್ಜಿ ಗೋಡೆ ಮೇಲೆ ಇರುವೆ ಹರೀತಿದೆ ಅಂತಿದ್ರು, ನರ್ಸ್ ವಿಷ ಹಾಕ್ತಾರೆ ಅಂತಿದ್ರು. ಹುಚ್ಚು ಹಿಡೀತಾ?"

ಇಲ್ಲ. ಅದನ್ನು ಡೆಲಿರಿಯಂ ಅನ್ನುತ್ತಾರೆ. ಮೈಯೊಳಗಿನ ಕಾಯಿಲೆಯಿಂದ ಮಿದುಳು ತಾತ್ಕಾಲಿಕವಾಗಿ ಎಡವುವ ಸ್ಥಿತಿ. ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಮಗನನ್ನೇ ಗುರುತಿಸದಿರಬಹುದು. ಕೂಗಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ಸುಮ್ಮನೆ ಸೂರು ನೋಡುತ್ತಾ ಮಲಗಿರುವ ಡೆಲಿರಿಯಂ ಕೂಡ ಇದೆ. "ಪಾಪ, ಶಾಂತವಾಗಿದ್ದಾರೆ" ಅಂದುಕೊಂಡು ಎಲ್ಲರೂ ಮುಂದೆ ಹೋಗುತ್ತಾರೆ. ಹಿರಿಯರಲ್ಲಿ ಈ ಮೌನದ ಬಗೆಯೇ ಹೆಚ್ಚು ತಪ್ಪಿಹೋಗುವುದು.

ಡೆಲಿರಿಯಂ ಎಷ್ಟು ದಿನ ಇತ್ತು ಅನ್ನುವುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮರೆವು ಎಷ್ಟಿರಬಹುದು ಅಂತ ಊಹಿಸಲು ಡಾಕ್ಟರಿಗೆ ಅದು ನಿಜಕ್ಕೂ ಬೇಕು.

"ಆಕ್ಸಿಡೇಟಿವ್ ಸ್ಟ್ರೆಸ್ ಅಂದ್ರೆ ಟೆನ್ಷನ್ ಮಾಡ್ಕೊಳ್ಳೋದಾ?"

ಅಲ್ಲ, ಮನಸ್ಸಿನ ಟೆನ್ಷನ್ನಿಗೂ ಇದಕ್ಕೂ ಹೆಸರಷ್ಟೇ ಒಂದು. ಐಸಿಯು ನಂತರದ ಮರೆವಿನ ಹಿಂದೆ ಇದರ ಕೈಯೂ ಇರಬಹುದು ಅನ್ನುತ್ತಾರೆ, ಅದಕ್ಕೇ ಈ ಪ್ರಶ್ನೆ ಬರುತ್ತದೆ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದೆ. ಹಳೆಯ ಎಣ್ಣೆ ಕಮಟು ಹಿಡಿಯುತ್ತದೆ. ಎರಡೂ ಆಮ್ಲಜನಕದ ಕೆಲಸವೇ. ನಮ್ಮ ಜೀವಕೋಶದೊಳಗೂ ಇಂಥದ್ದು ನಡೆಯುತ್ತದೆ.

ಪ್ರತಿ ಕೋಶದಲ್ಲೂ ಮೈಟೋಕಾಂಡ್ರಿಯಾ ಅನ್ನುವ ಪುಟಾಣಿ ಒಲೆಗಳಿವೆ. ಊಟದ ಸತ್ವವನ್ನು ಆಮ್ಲಜನಕದಲ್ಲಿ ಉರಿಸಿ ಶಕ್ತಿ ಮಾಡುತ್ತವೆ. ಸೌದೆ ಒಲೆಯಿಂದ ಕಿಡಿ ಹಾರುವ ಹಾಗೆ ಇಲ್ಲಿಂದಲೂ ಕಿಡಿ ಹಾರುತ್ತವೆ. ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಅಂತ ಅವುಗಳ ಹೆಸರು. ಕಿಡಿ ಆರಿಸಲು ದೇಹದಲ್ಲೇ ಗ್ಲೂಟಥಯೋನ್, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಮುಂತಾದ ಕಾವಲುಗಾರರಿದ್ದಾರೆ. ಕಿಡಿ ಜಾಸ್ತಿಯಾಗಿ ಕಾವಲು ಸಾಲದಾದಾಗ ಕೋಶದ ಪೊರೆ, ಪ್ರೋಟೀನು, ಡಿಎನ್‌ಎ ಸುಡುತ್ತವೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಈ ಮಾತಿಗೆ ಅರ್ಥ ಕಟ್ಟಿಕೊಟ್ಟರು.

"ಎಷ್ಟು ಜನಕ್ಕೆ ಹೀಗಾಗುತ್ತೆ? ನಮಗೊಬ್ಬರಿಗೇನಾ?"

ನಿಮಗೊಬ್ಬರಿಗಲ್ಲ. ಈ ವಿಷಯದಲ್ಲಿ ಎಲ್ಲರೂ ಹೇಳುವ ಅಧ್ಯಯನ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ್ದು, 2013ರಲ್ಲಿ ಪ್ರಕಟವಾದದ್ದು, ಹೆಸರು ಬ್ರೇನ್ ಐಸಿಯು. 821 ರೋಗಿಗಳನ್ನು ಸೇರಿಸಿಕೊಂಡಿದ್ದರು. ಅವರಲ್ಲಿ 74%ರಷ್ಟು ಜನರಿಗೆ ಆಸ್ಪತ್ರೆಯಲ್ಲಿದ್ದಾಗ ಡೆಲಿರಿಯಂ ಬಂತು. ಮೂರು ತಿಂಗಳ ನಂತರ ನೆನಪು, ಗಮನದ ಪರೀಕ್ಷೆ ಮಾಡಿದಾಗ 40% ಜನರ ಅಂಕ, ತಲೆಗೆ ಮಧ್ಯಮ ಮಟ್ಟದ ಪೆಟ್ಟು ಬಿದ್ದವರ ಅಂಕದ ಹಾಗಿತ್ತು. 26% ಜನರದ್ದು ಆರಂಭದ ಅಲ್ಝೈಮರ್ ಇದ್ದವರ ಹಾಗಿತ್ತು. ವರ್ಷ ಕಳೆದ ಮೇಲೂ ಈ ಅಂಕಿಗಳು 34% ಮತ್ತು 24%. ಆಸ್ಪತ್ರೆಗೆ ಬರುವ ಮುಂಚೆ ಮರೆವಿನ ತೊಂದರೆ ಇದ್ದವರು 6% ಮಾತ್ರ.

ಹಿರಿಯರದ್ದೇ ಲೆಕ್ಕ ಬೇಕಾದರೆ 2010ರ ಇನ್ನೊಂದು ಅಮೆರಿಕನ್ ಅಧ್ಯಯನ ಇದೆ. ತೀವ್ರ ಸೆಪ್ಸಿಸ್‌ನಿಂದ (ಸೋಂಕಿನ ಜೊತೆಗಿನ ಹೋರಾಟ ಕೈಮೀರಿದ ಸ್ಥಿತಿ) ಉಳಿದವರು, ಸರಾಸರಿ ವಯಸ್ಸು 77ರ ಹತ್ತಿರ. ಅವರಲ್ಲಿ ಸಾಕಷ್ಟು ಗಂಭೀರ ಮರೆವಿದ್ದವರ ಪ್ರಮಾಣ ಕಾಯಿಲೆಗೆ ಮುಂಚೆ 6.1% ಇದ್ದದ್ದು ಆಮೇಲೆ 16.7% ಆಯಿತು. ಇವು ಅಲ್ಲಿನ ಆಸ್ಪತ್ರೆಗಳ ಅಂಕಿ, ನಮ್ಮ ಊರಿಗೆ ಹಾಗೇ ಹೊಂದಿಸಬೇಡಿ.

"ಇದು ಅಲ್ಝೈಮರ್ ಶುರುವಾದ ಹಾಗಾ?"

ಹಾಗಂತ ಹೇಳಲಾಗದು. ಅಲ್ಝೈಮರ್ ಮೆಲ್ಲಗೆ, ವರ್ಷಗಟ್ಟಲೆ ಇಳಿಯುವ ಇಳಿಜಾರು. ಐಸಿಯು ನಂತರದ ಮರೆವು ಮೆಟ್ಟಿಲಿಂದ ಒಮ್ಮೆಲೇ ಜಾರಿದ ಹಾಗೆ. ಜಾರಿದವರಲ್ಲಿ ಕೆಲವರು ಮತ್ತೆ ಹತ್ತುತ್ತಾರೆ, ಕೆಲವರು ಅಲ್ಲೇ ನಿಲ್ಲುತ್ತಾರೆ, ಕೆಲವರು ಇನ್ನೂ ಇಳಿಯುತ್ತಾರೆ. ಮುಂಚೆಯೇ ಒಳಗೊಳಗೆ ಡಿಮೆನ್ಶಿಯಾ (ಅಲ್ಝೈಮರ್‌ನಂಥ ಮರೆವಿನ ಕಾಯಿಲೆ) ಇದ್ದು, ಮನೆಯವರಿಗೆ ಗೊತ್ತಾಗದೆ, ಈ ಕಾಯಿಲೆ ಅದನ್ನು ಹೊರಗೆ ಹಾಕಿರಲೂಬಹುದು. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 7.4% ಜನರಿಗೆ ಡಿಮೆನ್ಶಿಯಾ ಇದೆ ಅಂತ ಲಾಸಿ-ಡ್ಯಾಡ್ ಸಮೀಕ್ಷೆ ಅಂದಾಜು ಮಾಡಿದೆ. ಬಹಳಷ್ಟು ಮನೆಗಳಲ್ಲಿ ಅದಕ್ಕೆ ಹೆಸರೇ ಇಟ್ಟಿರುವುದಿಲ್ಲ.

"ಸರಿ ಹೋಗುತ್ತಾ? ಎಷ್ಟು ದಿನ ಕಾಯ್ಬೇಕು?"

ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಸುಧಾರಣೆ ಹೆಚ್ಚು ಕಾಣುತ್ತದೆ. ಅಮ್ಮ ಎಂಟನೇ ತಿಂಗಳಿಗೆ ಒಬ್ಬರೇ ಹಬ್ಬದಡುಗೆ ಮಾಡಿದರು. ಆದರೆ ಸಂಬಂಧಿಕರ ಹೆಸರು ಈಗಲೂ ಒಂದು ಕ್ಷಣ ತಡವಾಗಿ ಬರುತ್ತದೆ. ಪೂರ್ತಿ ಹಿಂದಿನ ಹಾಗೆ ಆಗುತ್ತಾರೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಆಗುವುದೇ ಇಲ್ಲ ಅಂದರೂ ನಂಬಬೇಡಿ.

## ಒಳಗೆ ಏನು ನಡೆಯುತ್ತದೆ

"ಸೋಂಕು ಇದ್ದಿದ್ದು ಎದೆಯಲ್ಲಿ. ಮಿದುಳಿಗೆ ಹೇಗೆ ತಾಗ್ತು?"

ರೋಗಾಣು ಮಿದುಳಿಗೆ ಹೋಗಬೇಕಾಗಿಲ್ಲ. ಅದರ ಗಲಾಟೆ ಹೋದರೆ ಸಾಕು.

ಸೋಂಕಿನ ಜೊತೆ ಹೋರಾಡುವಾಗ ಬಿಳಿ ರಕ್ತಕಣಗಳು ಬೇಕೆಂದೇ ಕಿಡಿ ತಯಾರಿಸುತ್ತವೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವಲ್ಲ, ಅದರ ಶಕ್ತಿ ಇರುವ ಹೈಪೋಕ್ಲೋರಸ್ ಆಮ್ಲವನ್ನೇ ಈ ಕಣಗಳು ತಯಾರಿಸಿ ರೋಗಾಣುವಿನ ಮೇಲೆ ಸುರಿಯುತ್ತವೆ. ಜೊತೆಗೆ ಸೈಟೋಕೈನ್ ಅನ್ನುವ ರಾಸಾಯನಿಕ ಸುದ್ದಿಗಳನ್ನು ರಕ್ತಕ್ಕೆ ಬಿಡುತ್ತವೆ. ಸೆಪ್ಸಿಸ್ ಅಂದರೆ ಈ ಹೋರಾಟ ಕೈಮೀರಿ ಇಡೀ ಮೈಗೆ ಹರಡಿದ ಸ್ಥಿತಿ.

ಮಿದುಳಿಗೂ ರಕ್ತಕ್ಕೂ ನಡುವೆ ಒಂದು ಜರಡಿ ಇದೆ. ಮಾಮೂಲಿ ದಿನಗಳಲ್ಲಿ ಅದು ಬಹಳ ಬಿಗಿ. ಸೆಪ್ಸಿಸ್‌ನಲ್ಲಿ ಸಡಿಲವಾಗುತ್ತದೆ. ಒಳಗೆ ಮೈಕ್ರೋಗ್ಲಿಯಾ ಅನ್ನುವ ಕಾವಲು ಕೋಶಗಳಿವೆ. ಹೊರಗಿನ ಗಲಾಟೆ ಕೇಳಿ ಅವು ಎಚ್ಚೆತ್ತು, ನ್ಯಾಡ್‌ಪಿಎಚ್ ಆಕ್ಸಿಡೇಸ್ ಅನ್ನುವ ಕಿಣ್ವದ ಮೂಲಕ ತಾವೂ ಸೂಪರ್‌ಆಕ್ಸೈಡ್ ಉಗುಳುತ್ತವೆ. ಅದು ನೈಟ್ರಿಕ್ ಆಕ್ಸೈಡ್ ಜೊತೆ ಸೇರಿದರೆ ಪೆರಾಕ್ಸಿನೈಟ್ರೈಟ್. ಇದು ಬಲು ಕೆಟ್ಟದ್ದು, ನರಕೋಶದ ಒಲೆಯನ್ನೇ ಒಡೆಯುತ್ತದೆ. ಒಡೆದ ಒಲೆಯಿಂದ ಶಕ್ತಿ ಕಡಿಮೆ, ಕಿಡಿ ಜಾಸ್ತಿ. ಆ ಕಿಡಿ ಪಕ್ಕದ ಒಲೆಗೆ. ಸುತ್ತು ಹೀಗೇ ಮುಂದುವರಿಯುತ್ತದೆ.

ಇದಕ್ಕೆಲ್ಲ ಮಿದುಳು ಬೇಗ ಬಲಿಯಾಗುತ್ತದೆ. ಮೈತೂಕದಲ್ಲಿ ಅದರ ಪಾಲು 2%, ಉಸಿರಾಡಿದ ಆಮ್ಲಜನಕದಲ್ಲಿ ಪಾಲು ಸುಮಾರು 20%. ಬೇಗ ಕಮಟು ಹಿಡಿಯುವ ಜಾತಿಯ ಕೊಬ್ಬು ಅಲ್ಲಿ ತುಂಬಿದೆ, ಕಿಡಿ ಆರಿಸುವ ಕ್ಯಾಟಲೇಸ್ ಕಡಿಮೆ. ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಭಾಗವಂತೂ ಇನ್ನೂ ಸೂಕ್ಷ್ಮ. ಅದಕ್ಕೇ 1975ರ ಮದುವೆ ನೆನಪಿರುತ್ತದೆ, ಬೆಳಿಗ್ಗೆಯ ತಿಂಡಿ ನೆನಪಿರುವುದಿಲ್ಲ.

"ಪಕ್ಕದ ಬೆಡ್ಡಿನ ಹುಡುಗನಿಗೆ ಏನೂ ಆಗ್ಲಿಲ್ಲ. ನಮ್ಮ ತಾತನಿಗೇ ಯಾಕೆ?"

ವಯಸ್ಸಾದಂತೆ ಗ್ಲೂಟಥಯೋನ್ ದಾಸ್ತಾನು ಇಳಿಯುತ್ತದೆ. ಅಪಾಯ ಬಂದಾಗ ಕಾವಲನ್ನು ಹೆಚ್ಚಿಸುವ ಎನ್‌ಆರ್‌ಎಫ್2 ಅನ್ನುವ ಸ್ವಿಚ್ಚು ಮಂದವಾಗುತ್ತದೆ. ಮೈಕ್ರೋಗ್ಲಿಯಾಗಳು ಮುಂಗೋಪಿಗಳಾಗುತ್ತವೆ: ಸಣ್ಣ ಸೋಂಕಿಗೂ ದೊಡ್ಡ ರಂಪ, ರಂಪ ನಿಲ್ಲುವುದೂ ತಡ. ಇದರ ಮೇಲೆ ಸಕ್ಕರೆ ಕಾಯಿಲೆ, ಬಿಪಿ, ಹಿಂದೆ ಯಾರಿಗೂ ಗೊತ್ತಾಗದೆ ಆದ ಸಣ್ಣ ಸ್ಟ್ರೋಕು ಇದ್ದರೆ ಮಿದುಳಿನ ಕೂಡಿಟ್ಟ ಗಂಟು ಮೊದಲೇ ಕರಗಿರುತ್ತದೆ. ಹುಡುಗನಿಗೂ ಪೆಟ್ಟು ಬಿದ್ದಿರುತ್ತದೆ, ಅವನ ಗಂಟು ದೊಡ್ಡದು. ಅಷ್ಟೇ.

"ವೆಂಟಿಲೇಟರಿನಲ್ಲಿ ಆಕ್ಸಿಜನ್ ಜಾಸ್ತಿ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ನಮ್ಮ ಭಾವ ಹೇಳ್ತಾರೆ. ಹೌದಾ?"

ಭಾವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಬೇಕಾದ್ದಕ್ಕಿಂತ ಹೆಚ್ಚು ಆಮ್ಲಜನಕ ಕಿಡಿ ಹೆಚ್ಚಿಸುತ್ತದೆ, ಅದು ನಿಜ. ಆದರೆ ಆಮ್ಲಜನಕ ಸಾಲದಿದ್ದರೆ ಮಿದುಳು ನಿಮಿಷಗಳಲ್ಲಿ ಹಾಳಾಗುತ್ತದೆ. ಹಿಡಿತದಲ್ಲಿ ಕೊಟ್ಟರೆ ಒಳ್ಳೆಯದಾಗುತ್ತದಾ ಅಂತ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸುಮಾರು ಸಾವಿರ ರೋಗಿಗಳ ಮೇಲೆ ಪರೀಕ್ಷಿಸಿದರು. ಐಸಿಯು-ರಾಕ್ಸ್ ಅನ್ನುವ ಆ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳ ಲೆಕ್ಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆಕ್ಸಿಜನ್ ಕೊಟ್ಟ ಡಾಕ್ಟರನ್ನು ಬಯ್ಯುವುದು ಬಿಡಿ.

"ಮೈಯಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಎಷ್ಟಿದೆ ಅಂತ ಬ್ಲಡ್ ಟೆಸ್ಟ್ ಇದೆಯಂತೆ. ಮಾಡಿಸ್ಲಾ?"

ದುಡ್ಡು ಉಳಿಸಿ. ಸಂಶೋಧಕರು ಎಫ್2 ಐಸೊಪ್ರೊಸ್ಟೇನ್ ಅನ್ನುವ ವಸ್ತುವನ್ನು ಅಳೆಯುತ್ತಾರೆ. ಕೊಬ್ಬು ಸುಟ್ಟಾಗ ಉಳಿಯುವ ಬೂದಿ ಅದು. ಅಧ್ಯಯನಕ್ಕೆ ಒಳ್ಳೆಯ ಅಳತೆ. ಆದರೆ ಒಬ್ಬ ರೋಗಿಯ ಅಂಕಿ ನೋಡಿ ಇಂಥ ಚಿಕಿತ್ಸೆ ಕೊಡಿ ಅನ್ನುವ ಮಟ್ಟಕ್ಕೆ ಯಾವ ಪರೀಕ್ಷೆಯೂ ಬಂದಿಲ್ಲ. ಅದೇ ದುಡ್ಡಿನಲ್ಲಿ ಬಿ12, ಥೈರಾಯ್ಡ್, ಸೋಡಿಯಂ, ಹಿಮೋಗ್ಲೋಬಿನ್, ಸಕ್ಕರೆ ನೋಡಿಸಿ. ಇವುಗಳಲ್ಲಿ ಏನಾದರೂ ಏರುಪೇರು ಸಿಕ್ಕರೆ ಸರಿಪಡಿಸಬಹುದು. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ. ಮರೆವಿಗೆ ಅದೂ ಒಂದು ಕಾರಣ.

## ಮಾತ್ರೆ, ಕಷಾಯ, ಟಾನಿಕ್

"ಕಿಡಿ ಆರಿಸೋಕೆ ವಿಟಮಿನ್ ಸಿ, ಇ, ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ರೆ ಆಯ್ತಲ್ವಾ?"

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಅಮ್ಮನಿಗೆ ಎರಡು ಡಬ್ಬಿ ತಂದೂ ಇಟ್ಟಿದ್ದೆ. ಬೆಂಕಿಗೆ ನೀರು, ಇಷ್ಟು ಸರಳ ಲೆಕ್ಕ ಯಾಕೆ ತಪ್ಪಬೇಕು? ಪರೀಕ್ಷೆಗೆ ಇಟ್ಟಾಗ ತಪ್ಪಿತು.

2013ರಲ್ಲಿ ರೆಡಾಕ್ಸ್ ಅನ್ನುವ ಅಧ್ಯಯನ ಬಂತು. ಹಲವು ಅಂಗಗಳು ಕೈಕೊಟ್ಟಿದ್ದ 1,223 ಐಸಿಯು ರೋಗಿಗಳು. ಒಂದು ಗುಂಪಿಗೆ ಸೆಲೆನಿಯಂ, ಸತು, ಬೀಟಾ ಕ್ಯಾರೊಟಿನ್, ವಿಟಮಿನ್ ಇ ಮತ್ತು ಸಿ ಸೇರಿಸಿ ಕೊಟ್ಟರು. ಸಾವು ಕಡಿಮೆಯಾಗಲಿಲ್ಲ. ಅದೇ ಅಧ್ಯಯನದಲ್ಲಿ ಗ್ಲೂಟಮಿನ್ ಅನ್ನುವ ಅಮೈನೋ ಆಮ್ಲ ಪಡೆದವರಲ್ಲಿ ಆರು ತಿಂಗಳ ಹೊತ್ತಿಗೆ ಸಾವು ಹೆಚ್ಚಾಗಿತ್ತು. 2022ರ ಲೊವಿಟ್ ಅಧ್ಯಯನದಲ್ಲಿ ಸೆಪ್ಸಿಸ್ ಇದ್ದ 872 ಜನರಿದ್ದರು. ರಕ್ತನಾಳದ ಮೂಲಕ ದೊಡ್ಡ ಪ್ರಮಾಣದ ವಿಟಮಿನ್ ಸಿ ಪಡೆದವರಲ್ಲಿ 44.5% ಜನ 28ನೇ ದಿನದ ಹೊತ್ತಿಗೆ ತೀರಿಕೊಂಡಿದ್ದರು ಇಲ್ಲವೇ ಅವರ ಅಂಗಗಳು ಇನ್ನೂ ಯಂತ್ರ, ಔಷಧದ ಆಸರೆಯಲ್ಲಿದ್ದವು. ಹೋಲಿಕೆಗಾಗಿ ಸುಳ್ಳು ಔಷಧ (ಪ್ಲಾಸಿಬೊ) ಪಡೆದವರಲ್ಲಿ 38.5%. ಅಂದರೆ ಒಳ್ಳೆಯದಾಗುವುದಿರಲಿ, ಕೆಟ್ಟದ್ದೇ ಆಗಿರಬಹುದು.

ಯಾಕೆ ಹೀಗೆ ಅನ್ನುವುದಕ್ಕೆ ಕೊನೆಯ ಭಾಗದಲ್ಲಿ ಉತ್ತರ ಬರೆದಿದ್ದೇನೆ. ಮನೆಗೆ ಬಂದ ಮೇಲೆ ಕೊರತೆ ಇದ್ದರೆ ವಿಟಮಿನ್ ಬೇಕೇ ಬೇಕು. ಕೊರತೆ ಇಲ್ಲದೆ "ಇರಲಿ, ಒಳ್ಳೇದು" ಅಂತ ಕೊಡುವ ಡಬ್ಬಿಗಳಿಂದ ಮರೆವು ವಾಸಿಯಾದ ಪುರಾವೆ ಇಲ್ಲ.

"ಒಂದೆಲಗ, ನೆಲ್ಲಿಕಾಯಿ, ಅರಿಶಿನದ ಹಾಲು? ಅಜ್ಜಿ ಕಾಲದಿಂದ ಇದೆಯಲ್ಲ."

ಊಟವಾಗಿ ಧಾರಾಳವಾಗಿ ಕೊಡಿ. ಒಂದೆಲಗದ ತಂಬುಳಿ ಇದ್ದರೆ ನಾಲ್ಕು ತುತ್ತು ಅನ್ನ ಜಾಸ್ತಿ ಇಳಿಯುತ್ತದೆ. ಐಸಿಯುನಿಂದ ಬಂದವರಿಗೆ ಆ ನಾಲ್ಕು ತುತ್ತೇ ದೊಡ್ಡದು. ಆದರೆ ಅದೇ ಸೊಪ್ಪಿನ, ಅದೇ ಅರಿಶಿನದ ಸಾರ ತೆಗೆದು ತುಂಬಿದ ಕ್ಯಾಪ್ಸೂಲ್ ಬೇರೆ ವಿಷಯ. ಪ್ರಮಾಣ ಹತ್ತಾರು ಪಟ್ಟು ಇರುತ್ತದೆ. ಅರಿಶಿನ ಸಾರದ ಮಾತ್ರೆಗಳಿಂದ ಲಿವರ್‌ಗೆ ತೊಂದರೆಯಾದ ಪ್ರಕರಣಗಳು ದಾಖಲಾಗಿವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಮುಟ್ಟಲೇಬಾರದು.

ತಿಂದದ್ದು ಸಾಕಾಗುತ್ತಿದೆಯಾ ನೋಡಿ. ಗಂಜಿ, ಎಳನೀರು, ರಸ್ಕು ಇಷ್ಟರಲ್ಲೇ ದಿನ ಕಳೆದರೆ ಸ್ನಾಯು ಬೆಳೆಯುವುದಿಲ್ಲ. ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಪ್ರಮಾಣ ಕೇಳಿಕೊಳ್ಳಬೇಕು.

"ರಾತ್ರಿ ನಿದ್ದೆನೇ ಇಲ್ಲ. ಮೆಡಿಕಲ್ ಶಾಪಿನವರು ಆಲ್ಪ್ರಜೋಲಾಮ್ ಕೊಟ್ರು. ಪರವಾಗಿಲ್ವಾ?"

ಹಿರಿಯರಿಗೆ ಈ ಗುಂಪಿನ ಮಾತ್ರೆಗಳು ಮರೆವು, ಗೊಂದಲ, ಬೀಳುವುದು ಮೂರನ್ನೂ ಹೆಚ್ಚಿಸುತ್ತವೆ. ಮುಂಚಿನಿಂದ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರ್ ಮೆಲ್ಲಗೆ ಇಳಿಸುತ್ತಾರೆ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್ ಕೂಡ ಮಿದುಳನ್ನು ಮಂಕು ಮಾಡಬಲ್ಲವು. ಆಸ್ಪತ್ರೆಯಲ್ಲಿ ಶುರುವಾಗಿ, ಯಾರೂ ನಿಲ್ಲಿಸಲು ಹೇಳದೆ, ಮನೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಮಾತ್ರೆಗಳು ಇರುತ್ತವೆ. ಅಮ್ಮನ ಡಬ್ಬಿಯಲ್ಲಿ ಅಂಥವು ಎರಡು ಸಿಕ್ಕವು. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಸುರಿದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ.

## ನಾವು ಏನು ಮಾಡಬಹುದು

"ಅತ್ತೆ ಇನ್ನೂ ಐಸಿಯುನಲ್ಲೇ ಇದ್ದಾರೆ. ಹೊರಗೆ ಕೂತು ನಾವೇನು ಮಾಡೋಕಾಗುತ್ತೆ?"

ಬಹಳ. ಔಷಧಗಳು ಸೋತ ಕಡೆ ಗೆದ್ದದ್ದು ಇಂಥ ಸಣ್ಣ ಕೆಲಸಗಳೇ.

ಕನ್ನಡಕ, ಕಿವಿ ಯಂತ್ರ, ಹಲ್ಲುಸೆಟ್ಟು ಒಳಗೆ ಕಳಿಸಿ. ಕಾಣದೆ, ಕೇಳದೆ, ಅಗಿಯಲಾಗದೆ ಮಲಗಿದವರಿಗೆ ಗೊಂದಲವಾಗದೆ ಇನ್ನೇನು? ಭೇಟಿಗೆ ಬಿಟ್ಟಾಗ ಅಳಬೇಡಿ. ಇವತ್ತು ಯಾವ ವಾರ, ಯಾವ ಊರು, ಯಾಕೆ ಇಲ್ಲಿದ್ದಾರೆ ಅಂತ ಮೆಲ್ಲಗೆ ಹೇಳಿ. ಅವರ ಭಾಷೆಯಲ್ಲೇ ಹೇಳಿ. ಮಂಗಳೂರಿನ ಕಡೆ ತುಳು ಬಿಟ್ಟು ಬೇರೆ ಬಾರದ ಅಜ್ಜಿಯನ್ನು, ತುಳು ಬಾರದ ನರ್ಸು "ಮಾತಾಡ್ತಿಲ್ಲ, ಗೊಂದಲದಲ್ಲಿದ್ದಾರೆ" ಅಂತ ಬರೆದುಕೊಂಡರೆ ತಪ್ಪು ಯಾರದೂ ಅಲ್ಲ. ಆದರೆ ನೀವು ಹೇಳಿದರೆ ಸರಿಹೋಗುತ್ತದೆ.

ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ. ನಿದ್ದೆ ಬರಿಸುವ ಔಷಧ ದಿನಕ್ಕೊಮ್ಮೆ ನಿಲ್ಲಿಸಿ ನೋಡುತ್ತಿದ್ದೀರಾ? ಡೆಲಿರಿಯಂ ಇದೆಯಾ ಅಂತ ದಿನವೂ ಪರೀಕ್ಷಿಸುತ್ತಿದ್ದೀರಾ? ಯಾವಾಗ ಕೂರಿಸುತ್ತೀರಾ? ಮೂರನೆಯದು ಮುಖ್ಯ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ವೆಂಟಿಲೇಟರಿನಲ್ಲಿದ್ದ 200 ಜನರಲ್ಲಿ ಅರ್ಧದಷ್ಟು ಜನರಿಗೆ ಮೊದಲ ದಿನಗಳಿಂದಲೇ ಕೈಕಾಲು ಆಡಿಸುವುದು, ಕೂರುವುದು, ನಿಲ್ಲುವುದು ಮಾಡಿಸಿದರು. 2023ರಲ್ಲಿ ಫಲಿತಾಂಶ ಬಂತು. ವರ್ಷದ ನಂತರ ಮರೆವಿನ ತೊಂದರೆ ಅವರಲ್ಲಿ 24%, ಮಾಮೂಲಿ ಆರೈಕೆಯವರಲ್ಲಿ 43%. ಯಾವ ಮಾತ್ರೆಯೂ ಇಷ್ಟು ಮಾಡಿಲ್ಲ. ಹಾಗಂತ ಬಲವಂತ ಬೇಡ. 750 ಜನರ ಮೇಲೆ ನಡೆದ ಟೀಮ್ ಅಧ್ಯಯನದಲ್ಲಿ ಇನ್ನೂ ಜಾಸ್ತಿ ವ್ಯಾಯಾಮ ಮಾಡಿಸಿದಾಗ ಲಾಭ ಹೆಚ್ಚಲಿಲ್ಲ, ತೊಂದರೆ ಹೆಚ್ಚಿತು.

"ಮನೆಗೆ ಕರ್ಕೊಂಡು ಬಂದ್ವಿ. ಸುಡೊಕು ಆಡಿಸ್ಬೇಕಾ? ಬಾದಾಮಿ ಕೊಡ್ಬೇಕಾ?"

ಇಷ್ಟವಿದ್ದರೆ ಎರಡೂ ಇರಲಿ. ಆದರೆ ಮೊದಲು ನಡೆಸಿ. ಮನೆಯೊಳಗೆ ಹತ್ತು ಹೆಜ್ಜೆ, ವಾರ ಕಳೆದು ಗೇಟಿನವರೆಗೆ, ಆಮೇಲೆ ಬೀದಿ ಕೊನೆಯ ಅಂಗಡಿವರೆಗೆ. ಫಿಸಿಯೋಥೆರಪಿಸ್ಟ್ ಒಬ್ಬರು ಮೊದಲ ತಿಂಗಳು ಬಂದರೆ ಒಳ್ಳೆಯದು. ಬೆಳಿಗ್ಗೆ ಬಿಸಿಲಿಗೆ ಕೂರಿಸಿ, ರಾತ್ರಿ ಟಿವಿ ಆರಿಸಿ. ಐಸಿಯುನಲ್ಲಿ ಹಗಲು ರಾತ್ರಿ ಒಂದೇ ಬೆಳಕು, ನಿದ್ದೆಯ ಗಡಿಯಾರ ಕೆಟ್ಟಿರುತ್ತದೆ.

ತಲೆಗೆ ಕೆಲಸ ಕೊಡುವಾಗ ಅವರ ಹಳೆಯ ಕೆಲಸವನ್ನೇ ಕೊಡಿ. ಲೆಕ್ಕ ಬರೆಯುತ್ತಿದ್ದವರಿಗೆ ಹಾಲಿನ ಲೆಕ್ಕ. ಹೂ ಕಟ್ಟುತ್ತಿದ್ದವರಿಗೆ ಒಂದು ಮೊಳ ಹೂ. ಅಮ್ಮನಿಗೆ ನಾನು ಸಾರಿನ ವಿಧಾನವನ್ನು ಆರು ಸಾಲಿನಲ್ಲಿ ಬರೆದು ಒಲೆ ಪಕ್ಕ ಅಂಟಿಸಿದ್ದೆ. ಮೊದಲು ಕೋಪ ಬಂತು, "ನನಗೆ ನೀನು ಸಾರು ಹೇಳಿಕೊಡ್ತೀಯಾ" ಅಂತ. ತಿಂಗಳಾದ ಮೇಲೆ ಅವರೇ ಕಿತ್ತುಹಾಕಿದರು.

ಫಿನ್‌ಲ್ಯಾಂಡಿನಲ್ಲಿ 60ರಿಂದ 77 ವರ್ಷದ 1,260 ಜನರ ಮೇಲೆ ಫಿಂಗರ್ ಅನ್ನುವ ಅಧ್ಯಯನ ನಡೆಯಿತು, 2015ರಲ್ಲಿ ಪ್ರಕಟವಾಯಿತು. ಊಟ, ವ್ಯಾಯಾಮ, ಮಿದುಳಿನ ಅಭ್ಯಾಸ, ಬಿಪಿ ಸಕ್ಕರೆಯ ನಿಗಾ ಒಟ್ಟಿಗೆ ಎರಡು ವರ್ಷ ಮಾಡಿಸಿದಾಗ ಅಂಕ ಸುಧಾರಿಸಿತು. ಅವರು ಐಸಿಯು ರೋಗಿಗಳಲ್ಲ, ಆದರೂ ದಾರಿ ಅದೇ. ಒಂದು ಎಚ್ಚರಿಕೆ: ಸಕ್ಕರೆ ತುಂಬಾ ಇಳಿಯಬಾರದು. ಊಟ ಕಡಿಮೆಯಾಗಿ ಇನ್ಸುಲಿನ್ ಹಳೆಯ ಲೆಕ್ಕದಲ್ಲೇ ನಡೆದರೆ ಲೋ ಶುಗರ್ ಆಗಿ ಮಿದುಳಿಗೆ ಮತ್ತೊಂದು ಪೆಟ್ಟು.

"ಯಾವ ಡಾಕ್ಟರಿಗೆ ತೋರಿಸ್ಬೇಕು? ಅವರ ಟೆಸ್ಟೆಲ್ಲ ಇಂಗ್ಲಿಷಲ್ಲಿರುತ್ತಲ್ಲ?"

ಮೊದಲು ನಿಮ್ಮ ಫಿಸಿಷಿಯನ್. ಮೂರು ತಿಂಗಳಾದರೂ ಮರೆವು ಇಳಿಯದಿದ್ದರೆ ನರರೋಗ ತಜ್ಞರು ಅಥವಾ ಹಿರಿಯರ ಮನೋವೈದ್ಯರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡೂ ಇವೆ. ಟೆಸ್ಟು ಇಂಗ್ಲಿಷಲ್ಲೇ ಆಗಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ ಪರೀಕ್ಷೆಗಳ ಒಂದು ಸೆಟ್ ಸಿದ್ಧಪಡಿಸಿದೆ. ಮೋಕಾ ಅನ್ನುವ ಚಿಕ್ಕ ನೆನಪಿನ ಪರೀಕ್ಷೆಯೂ ಕನ್ನಡದಲ್ಲಿದೆ. ಕನ್ನಡದಲ್ಲೇ ಮಾಡಿ ಅಂತ ಕೇಳಿ. ಶಾಲೆಗೆ ಎಷ್ಟು ವರ್ಷ ಹೋಗಿದ್ದರು ಅನ್ನುವುದನ್ನೂ ಹೇಳಿ. ಓದು ಬಾರದವರಿಗೆ ಗಡಿಯಾರದ ಚಿತ್ರ ಬರೆಸಿ ಡಿಮೆನ್ಶಿಯಾ ಅನ್ನುವುದು ನ್ಯಾಯವಲ್ಲ.

"ಎಟಿಎಂ ಕಾರ್ಡು, ಫೋನ್‌ಪೇ ಅವರ ಕೈಲೇ ಇರ್ಲಾ?"

ಮೊದಲ ಆರು ತಿಂಗಳು ಜೊತೆಗಿರಿ. ಒಟಿಪಿ ಕೇಳುವ ವಂಚಕರಿಗೆ ಗಮನ ನಿಲ್ಲದ ಹಿರಿಯರು ಸುಲಭದ ತುತ್ತು. ದಿನದ ಮಿತಿ ಇಳಿಸಿ, ಎಸ್‌ಎಂಎಸ್ ನಿಮಗೂ ಬರುವ ಹಾಗೆ ಮಾಡಿ. ಕಾರ್ಡು ಕಿತ್ತುಕೊಳ್ಳಬೇಡಿ, ಅವಮಾನವಾಗುತ್ತದೆ. ಸ್ಕೂಟರ್ ಮಾತ್ರ ಡಾಕ್ಟರ್ ಸರಿ ಅನ್ನುವವರೆಗೆ ಬೀಗ.

## ಇನ್ನೂ ಆಳಕ್ಕೆ ಇಳಿಯುವವರಿಗೆ

"ಆಕ್ಸಿಡೇಟಿವ್ ಸ್ಟ್ರೆಸ್ಸೇ ಕಾರಣ ಅಂತ ಸಾಬೀತಾಗಿದೆಯಾ, ಅಥವಾ ಬರೀ ಊಹೆನಾ?"

ಪ್ರಾಣಿಗಳಲ್ಲಿ ಪುರಾವೆ ಗಟ್ಟಿ, ಮನುಷ್ಯರಲ್ಲಿ ಇನ್ನೂ ತೆಳು. ಬ್ರೆಜಿಲ್‌ನ ಸಂಶೋಧಕರು ಇಲಿಗಳಿಗೆ ಸೆಪ್ಸಿಸ್ ಬರಿಸಿ, ಆರಂಭದಲ್ಲೇ ಎನ್-ಅಸಿಟೈಲ್‌ಸಿಸ್ಟೀನ್ ಮತ್ತು ಡಿಫೆರೊಕ್ಸಮಿನ್ ಕೊಟ್ಟರು. ಒಂದು ಕಿಡಿ ಆರಿಸುವುದು, ಇನ್ನೊಂದು ಕಿಡಿಗೆ ಕುಮ್ಮಕ್ಕು ಕೊಡುವ ಕಬ್ಬಿಣವನ್ನು ಹಿಡಿಯುವುದು. ಬದುಕಿದ ಇಲಿಗಳಿಗೆ ಮರೆವು ಬರಲಿಲ್ಲ. 2007ರಲ್ಲಿ ಇದು ಪ್ರಕಟವಾಯಿತು. 2014ರಲ್ಲಿ ಇನ್ನೊಂದು ತಂಡ, ಮೈಕ್ರೋಗ್ಲಿಯಾದ ಕಿಡಿ ಯಂತ್ರವಾದ ನಾಕ್ಸ್2 ಇಲ್ಲದ ಹಾಗೆ ಹುಟ್ಟಿಸಿದ ಇಲಿಗಳ ನೆನಪು ಸೆಪ್ಸಿಸ್ ನಂತರವೂ ಉಳಿಯುತ್ತದೆ ಅಂತ ತೋರಿಸಿತು.

ಆದರೆ ಆ ಇಲಿ ಎಳೆಯದು. ಬಿಪಿ ಇಲ್ಲ, ಸಕ್ಕರೆ ಇಲ್ಲ, ಔಷಧ ಸಿಕ್ಕಿದ್ದು ಕಾಯಿಲೆ ಶುರುವಾದ ಗಂಟೆಗಳಲ್ಲಿ. ನಮ್ಮ ತಾತ ಆಸ್ಪತ್ರೆಗೆ ಬರುವುದು ಜ್ವರದ ನಾಲ್ಕನೇ ದಿನ. ಅಲ್ಲದೆ ಮನುಷ್ಯರಲ್ಲಿ ಉರಿಯೂತ, ಆಮ್ಲಜನಕದ ಕೊರತೆ, ರಕ್ತದೊತ್ತಡ ಕುಸಿತ, ಸಕ್ಕರೆಯ ಏರಿಳಿತ, ನಿದ್ದೆ ಔಷಧ ಎಲ್ಲವೂ ಒಟ್ಟಿಗೆ ಬರುತ್ತವೆ. ಯಾವ ಎಳೆ ಯಾವುದನ್ನು ಎಳೆಯಿತು ಅಂತ ಬಿಡಿಸುವುದು ಕಷ್ಟ. ನನ್ನ ಅನಿಸಿಕೆ ಕೇಳಿದರೆ, ಆಕ್ಸಿಡೇಟಿವ್ ಸ್ಟ್ರೆಸ್ ಒಬ್ಬಂಟಿ ಕಳ್ಳನಲ್ಲ, ಗುಂಪಿನಲ್ಲಿ ಇದ್ದವನು.

"ಕಿಡಿ ಕೆಟ್ಟದ್ದು ಅಂದ್ಮೇಲೆ ಅದನ್ನ ಆರಿಸೋ ಔಷಧ ಯಾಕೆ ಕೆಲಸ ಮಾಡ್ಲಿಲ್ಲ?"

ಮೂರು ಕಾರಣ ಹೇಳುತ್ತಾರೆ. ಕಿಡಿಯೆಲ್ಲ ಕೆಟ್ಟದ್ದಲ್ಲ. ರೋಗಾಣು ಕೊಲ್ಲಲು ಅದು ಬೇಕು, ಕೋಶಗಳು ಪರಸ್ಪರ ಸುದ್ದಿ ಕಳಿಸಲೂ ಬೇಕು. ಹೈಡ್ರೋಜನ್ ಪೆರಾಕ್ಸೈಡ್ ಕಡಿಮೆ ಪ್ರಮಾಣದಲ್ಲಿ ಒಂದು ಸಂದೇಶ. ಎಲ್ಲ ಕಡೆ ನೀರು ಸುರಿದರೆ ಅಡುಗೆ ಒಲೆಯೂ ಆರುತ್ತದೆ. ಎರಡನೆಯದು ಜಾಗ. ನುಂಗಿದ ವಿಟಮಿನ್ ರಕ್ತದಲ್ಲಿ ಸುತ್ತುತ್ತದೆ, ಬೆಂಕಿ ಇರುವುದು ನರಕೋಶದ ಮೈಟೋಕಾಂಡ್ರಿಯಾದೊಳಗೆ. ಮೂರನೆಯದು ವಿಟಮಿನ್ ಸಿಯ ಎರಡು ಮುಖ. ಬಿಡಿ ಕಬ್ಬಿಣ ಇರುವ ಕಡೆ, ದೊಡ್ಡ ಪ್ರಮಾಣದಲ್ಲಿ, ಅದೇ ಕಿಡಿ ಹುಟ್ಟಿಸಬಲ್ಲದು.

"ಹಾಗಾದ್ರೆ ಬೇರೆ ಯಾವ ಔಷಧವೂ ಬಂದಿಲ್ವಾ?"

ಪ್ರಯತ್ನ ಸಾಕಷ್ಟು ಆಗಿದೆ. ಡೆಲಿರಿಯಂಗೆ ಹ್ಯಾಲೊಪೆರಿಡಾಲ್ ಅನ್ನುವ ಮಾನಸಿಕ ಕಾಯಿಲೆಯ ಔಷಧ ಕೊಡುವ ರೂಢಿ ಎಲ್ಲೆಡೆ ಇತ್ತು. 2018ರ ಮೈಂಡ್ ಯುಎಸ್‌ಎ ಅಧ್ಯಯನದಲ್ಲಿ 566 ರೋಗಿಗಳಲ್ಲಿ ಅದು ಡೆಲಿರಿಯಂ ದಿನಗಳನ್ನು ಕಡಿಮೆ ಮಾಡಲಿಲ್ಲ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳೂ ಮಾಡಲಿಲ್ಲ. ನಮ್ಮ ಮನೆಮನೆಯ ಪ್ಯಾರಸಿಟಮಾಲ್ ಕೂಡ ಪಟ್ಟಿಯಲ್ಲಿದೆ ಅಂದರೆ ಆಶ್ಚರ್ಯ ಆಗಬಹುದು. ಒಡೆದ ರಕ್ತಕಣದಿಂದ ಚೆಲ್ಲಿದ ಹಿಮೋಗ್ಲೋಬಿನ್ ಕೊಬ್ಬನ್ನು ಸುಡುವುದನ್ನು ಅದು ತಡೆಯುತ್ತದೆ ಅನ್ನುವ ಕಾರಣಕ್ಕೆ ಸೆಪ್ಸಿಸ್‌ನಲ್ಲಿ ಪರೀಕ್ಷಿಸಿದರು. 2024ರ ಆಸ್ಟರ್ ಅಧ್ಯಯನ, 447 ರೋಗಿಗಳು. ಅಂಗಗಳಿಗೆ ಯಂತ್ರ, ಔಷಧದ ಆಸರೆ ಇಲ್ಲದೆ ಬದುಕಿದ ದಿನಗಳು ಗಮನಾರ್ಹವಾಗಿ ಹೆಚ್ಚಲಿಲ್ಲ. ನಿದ್ದೆ ಬರಿಸಲು ಮಿಡಾಜೊಲಾಮ್ ಗುಂಪಿನ ಔಷಧದ ಬದಲು ಡೆಕ್ಸ್‌ಮೆಡಿಟೊಮಿಡಿನ್ ಬಳಸಿದಾಗ ಡೆಲಿರಿಯಂ ಕಡಿಮೆ ಅನ್ನುವುದಕ್ಕೆ ಮಾತ್ರ ಒಳ್ಳೆಯ ಆಧಾರ ಇದೆ. ಮೈಟೋಕಾಂಡ್ರಿಯಾದೊಳಕ್ಕೇ ಇಳಿಯುವ ಔಷಧಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ.

"ಅಮ್ಮನಿಗೆ ಈಗ ಮಂಡಿ ಆಪರೇಷನ್ ಅಂತಿದಾರೆ. ಮತ್ತೆ ಹಾಗೇ ಆಗುತ್ತಾ?"

ಒಮ್ಮೆ ಡೆಲಿರಿಯಂ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಆತುರ ಇಲ್ಲದ ಆಪರೇಷನ್ ಆದರೆ ನಡಿಗೆ, ಊಟ, ನೆನಪು ಒಂದು ಹಂತಕ್ಕೆ ಬರುವವರೆಗೆ ಕಾಯಬಹುದಾ ಅಂತ ಕೇಳಿ. "ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರೆ ತಲೆಗೆ ಏನೂ ಆಗಲ್ಲ" ಅನ್ನುವ ನಂಬಿಕೆ ಇದೆ. ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ನಡೆದ 2021ರ ರೀಗೇನ್, 2022ರ ರಾಗಾ ಅಧ್ಯಯನಗಳಲ್ಲಿ ಎರಡು ಬಗೆಯ ಅರಿವಳಿಕೆಗೂ ಡೆಲಿರಿಯಂ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅದಕ್ಕೇ ಹಟ ಹಿಡಿಯಬೇಡಿ.

ಅರಿವಳಿಕೆ ಡಾಕ್ಟರಿಗೆ ಮುಂಚೆಯೇ ಹೇಳಿ: ಹಿಂದೆ ಡೆಲಿರಿಯಂ ಆಗಿತ್ತು, ಇಷ್ಟು ದಿನ ಇತ್ತು, ಮನೆಯಲ್ಲಿ ಈ ಮಾತ್ರೆಗಳನ್ನು ನುಂಗುತ್ತಾರೆ. ಆಪರೇಷನ್ ಆದ ರಾತ್ರಿ ಮನೆಯವರೊಬ್ಬರು ಪಕ್ಕದಲ್ಲಿರಲು ಒಪ್ಪಿಗೆ ಪಡೆಯಿರಿ. ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರಾ ಕೇಳಿಕೊಳ್ಳಿ. ಕನ್ನಡಕ ಮತ್ತು ಕಿವಿ ಯಂತ್ರದ ಡಬ್ಬಿಯ ಮೇಲೆ ಅವರ ಹೆಸರು ಬರೆದು ಚೀಟಿ ಅಂಟಿಸಿ. ವಾರ್ಡು ಬದಲಾಯಿಸುವ ಗಡಿಬಿಡಿಯಲ್ಲಿ ಮೊದಲು ಕಳೆದುಹೋಗುವುದು ಅವೇ.